ಒಣಗುವಷ್ಟು ಬಟ್ಟೆ, ಹೆಗಲಿಗಾಗುವಷ್ಟು ಚೀಲ

ಮರವಂತೆಯಲ್ಲಿ ಬಸ್ಸಿಳಿದವರಿಗೆ ಸಾಮಾನು ಹರಡಿಕೊಂಡು ನಿಲ್ಲಲು ಜಾಗವೇ ಇಲ್ಲ. ಪಡುವಕ್ಕೆ ಅರಬ್ಬಿ ಸಮುದ್ರ, ಮೂಡಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಘಟ್ಟದಿಂದ ಇಳಿದು ಬಂದ ಹೊಳೆ ಇಲ್ಲಿ ಕಡಲನ್ನು ಮುಟ್ಟಿಯೇ ಬಿಟ್ಟಿತು ಅನ್ನುವಾಗ ಯಾಕೋ ಮನಸ್ಸು ಬದಲಿಸಿ ದಕ್ಷಿಣಕ್ಕೆ ತಿರುಗುತ್ತದೆ; ಮತ್ತೆ ಮೈಲಿಗಟ್ಟಲೆ ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಆ ಎರಡು ನೀರಿನ ನಡುವೆ ಉಳಿದ ನೆಲದ ಪಟ್ಟಿಯಲ್ಲಿ ರಸ್ತೆಯೇ ಬಹುಪಾಲು ತಿಂದುಹಾಕಿದೆ. ಲಾರಿಗಳು ಗಾಳಿ ಎಬ್ಬಿಸಿಕೊಂಡು ಹೋಗುತ್ತಿರುತ್ತವೆ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಮಗು, ಹೆಗಲಿಗೊಂದು ಬ್ಯಾಗು, ಕಾಲ ಬಳಿ ಇನ್ನೊಂದು ಎಂದು ಇಳಿದವರು ಚತುಷ್ಪಥ ದಾಟುವ ಪಾಡನ್ನು ನೋಡಿದರೆ, ಈ ಊರಿಗೆ ಬರುವವರು ಒಂದೇ ಚೀಲ ತರಬೇಕು ಎಂದು ಯಾರಾದರೂ ಬೋರ್ಡು ಹಾಕಬಾರದೇ ಅನ್ನಿಸುತ್ತದೆ.

ಸ್ವಂತ ಕಾರಿನಲ್ಲಿ ಬಂದು, ಪಟ ತೆಗೆದು, ಬೊಂಡ ಕುಡಿದು ಮುರುಡೇಶ್ವರಕ್ಕೆ ಹೋಗುವವರಿಗೆ ಈ ಲೇಖನದಿಂದ ಏನೂ ಉಪಯೋಗವಿಲ್ಲ. ಅವರ ಡಿಕ್ಕಿಯಲ್ಲಿ ಇಡೀ ಮನೆಯೇ ಇರಲಿ. ಮಾತು ಇರುವುದು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಬಸ್ಸು, ರೈಲು, ವಿಮಾನ ಹಿಡಿದು ಬಂದು ಮೂರು ನಾಲ್ಕು ದಿನ ಇದ್ದು ಹೋಗುವವರ ಬಗ್ಗೆ.

ಬರುವ ದಾರಿಯನ್ನೇ ನೋಡಿ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ನಸುಕಿಗೇ ಕುಂದಾಪುರ ನಿಲ್ದಾಣದಲ್ಲಿ ಇಳಿಸುತ್ತದೆ. ನಿಲ್ದಾಣ ಇರುವುದು ಮೂಡ್ಲಕಟ್ಟೆಯಲ್ಲಿ, ಪೇಟೆಯಿಂದ ದೂರ. ಅಲ್ಲಿಂದ ರಿಕ್ಷಾ ಹಿಡಿದು ಪೇಟೆಯ ಶಾಸ್ತ್ರಿ ಸರ್ಕಲ್, ಅಲ್ಲಿಂದ ಬೈಂದೂರಿನ ಬಸ್ಸು. ತಲ್ಲೂರು, ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿ ದಾಟಿದರೆ ಮರವಂತೆ. ಪೇಟೆಯಿಂದ ಸುಮಾರು 18 ಕಿಲೋಮೀಟರ್. ಸೇನಾಪುರದ ಸಣ್ಣ ನಿಲ್ದಾಣ ಇನ್ನೂ ಹತ್ತಿರ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ವಿಮಾನದಲ್ಲಿ ಬಂದರೆ ಮಂಗಳೂರಿನ ಬಜ್ಪೆಯಲ್ಲಿ ಇಳಿದು ಮತ್ತೆ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆ. ಹೇಗೆ ಬಂದರೂ ಮೂರು ನಾಲ್ಕು ಸಲ ಹತ್ತಿ ಇಳಿಯುವುದು ತಪ್ಪದು. ಜನವರಿ ನಡುವಿನಲ್ಲಾದರೆ ಮಾರಣಕಟ್ಟೆ ಜಾತ್ರೆಗೆ ಹೊರಟ ಹೆಮ್ಮಾಡಿ ಸೇವಂತಿಗೆಯ ಬುಟ್ಟಿಗಳೂ ನಿಮ್ಮ ಜತೆಗೇ ಬಸ್ಸು ಹತ್ತಬಹುದು. ಆಗ ಕಂಡಕ್ಟರು ಹೂವಿಗೆ ಜಾಗ ಮಾಡಿಕೊಟ್ಟು ನಿಮ್ಮ ಕಡೆ ತಿರುಗಿ "ಬ್ಯಾಗ್ ಕಾಲಡಿಗೆ ಇಡಿ ಮಾರ್ರೆ" ಅನ್ನುತ್ತಾರೆ. ಕಾಲಡಿಗೆ ಹಿಡಿಸುವ ಬ್ಯಾಗು ನಿಮ್ಮದಾಗಿದ್ದರೆ ಸರಿ.

ಕಾನೂನಿನ ಪ್ರಕಾರ ನಮಗೆ ಬೇಕಾದಷ್ಟು ಹೊರೆ ಹೊರುವ ಹಕ್ಕಿದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ ತಲೆಗೆ 40 ಕೆ.ಜಿ., ಸಾಮಾನ್ಯ ದರ್ಜೆಯಲ್ಲಿ 35, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ 30. ವಿಮಾನದವರು ಮಾತ್ರ ಕೈಚೀಲಕ್ಕೆ 7 ಕೆ.ಜಿ. ಎಂದು ಕಟ್ಟುನಿಟ್ಟು ಮಾಡುತ್ತಾರೆ. ಉದ್ದ, ಅಗಲ, ದಪ್ಪ ಕೂಡಿಸಿದರೆ 115 ಸೆಂಟಿಮೀಟರ್ ಮೀರಬಾರದು ಅನ್ನುತ್ತಾರೆ. ಕರಾವಳಿಗೆ ಬರುವವರಿಗೆ ಆ ಏಳು ಕಿಲೋವೇ ಒಳ್ಳೆಯ ಅಳತೆ, ಬಸ್ಸಿನಲ್ಲಿ ಬಂದರೂ.

ಚಕ್ರದ ಸೂಟ್‌ಕೇಸು ಇದ್ದರೆ ಭಾರದ ಚಿಂತೆ ಏಕೆ ಎಂದು ಕೇಳಬಹುದು. ಆ ಚಕ್ರದ ಕಥೆ ತಮಾಷೆಯದು. 1970ರಲ್ಲಿ ಅಮೆರಿಕದ ಬರ್ನಾರ್ಡ್ ಸಾಡೋ ಎಂಬಾತ ಅರೂಬಾ ದ್ವೀಪದಲ್ಲಿ ಕುಟುಂಬದ ಜತೆ ರಜೆ ಕಳೆದು ಎರಡು ದೊಡ್ಡ ಪೆಟ್ಟಿಗೆ ಎತ್ತಿಕೊಂಡು ಮರಳುತ್ತಿದ್ದಾಗ, ಕಸ್ಟಮ್ಸ್ ಸಾಲಿನಲ್ಲಿ ಒಬ್ಬ ಕೆಲಸಗಾರ ಗಾಲಿ ಇದ್ದ ಹಲಗೆಯ ಮೇಲೆ ಭಾರದ ಯಂತ್ರವನ್ನು ಸಲೀಸಾಗಿ ತಳ್ಳಿಕೊಂಡು ಹೋದದ್ದನ್ನು ಕಂಡು ಪೆಟ್ಟಿಗೆಗೆ ಚಕ್ರ ಹಾಕುವ ಯೋಚನೆ ಮಾಡಿದ. 1972ರಲ್ಲಿ ಪೇಟೆಂಟು ಸಿಕ್ಕಿತು. ನೆಟ್ಟಗೆ ನಿಲ್ಲಿಸಿ ಹಿಡಿಕೆ ಎಳೆದು ಉರುಳಿಸುವ ಈಗಿನ ನಮೂನೆಯನ್ನು ರಾಬರ್ಟ್ ಪ್ಲಾತ್ ಎಂಬ ಪೈಲಟ್ 1987ರಲ್ಲಿ ಮಾಡಿದ. ಅಂದರೆ ಕಡಲತೀರದ ರಜೆಯಿಂದಲೇ ಹುಟ್ಟಿದ ಯೋಚನೆ, ಆದರೆ ಕೂಡಿಬಂದದ್ದು ವಿಮಾನ ನಿಲ್ದಾಣದ ನುಣುಪು ನೆಲಕ್ಕೆ. ಮರವಂತೆಯ ಮರಳಿಗೆ ಇಳಿದ ಕೂಡಲೇ ಚಕ್ರ ತಿರುಗುವುದನ್ನು ಬಿಟ್ಟು ನೇಗಿಲಿನ ಕೆಲಸ ಶುರು ಮಾಡುತ್ತದೆ. ಮರಳಿನ ಸಣ್ಣ ಹರಳು ಗಾಲಿಯ ಅಚ್ಚಿಗೆ ಹೊಕ್ಕರೆ ಮತ್ತೆ ಹೊರಡುವುದಿಲ್ಲ; ಉಪ್ಪು ಗಾಳಿ ಉಳಿದದ್ದಕ್ಕೆ ತುಕ್ಕು ಹಿಡಿಸುತ್ತದೆ. ಎರಡು ಪಟ್ಟಿಯ ಬೆನ್ನಿನ ಚೀಲವೇ ಇಲ್ಲಿಗೆ ಸರಿ.

ಚೀಲ ದೊಡ್ಡದಾಗುವುದು ಬಟ್ಟೆಯಿಂದ. ಬಟ್ಟೆ ಹೆಚ್ಚಾಗುವುದು, ಒಗೆದದ್ದು ಒಣಗುವುದಿಲ್ಲ ಎಂಬ ಭಯದಿಂದ. ಆ ಭಯ ಸುಳ್ಳಲ್ಲ. ಬೆಂಗಳೂರಿನ ಟೆರೇಸಿನಲ್ಲಿ ಎರಡು ಗಂಟೆಯಲ್ಲಿ ಗರಿಗರಿಯಾಗುವ ಅಂಗಿ ಇಲ್ಲಿ ಸಂಜೆಯಾದರೂ ತಣ್ಣಗೆ ಜಿನುಗುತ್ತಿರುತ್ತದೆ. ಆದರೆ ಇದಕ್ಕೆ ಕಾರಣ ಬರೀ ಗಾಳಿಯ ತೇವವೇ? ಕಡಲಿಗಿಳಿದು ಬಂದವರ ಬಟ್ಟೆಯ ವಿಷಯದಲ್ಲಿ ದೊಡ್ಡ ಅಪರಾಧಿ ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಒದ್ದೆ ಅಂಗಿಯೊಂದು 300 ಮಿಲಿಲೀಟರ್ ನೀರು ಹಿಡಿದುಕೊಂಡಿದೆ ಎಂದಿಟ್ಟುಕೊಳ್ಳಿ. ನೀರು ಆರಿಹೋದ ಮೇಲೆ ನೂಲಿನ ಸಂದಿಯಲ್ಲಿ ಹತ್ತು ಗ್ರಾಂ ಉಪ್ಪು ಕೂತಿರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಟೀ ಚಮಚ. ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ನೀರು ಎಳೆದುಕೊಂಡು ತಾನೇ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಜತೆಗೆ ಮೆಗ್ನೀಸಿಯಂ ಕ್ಲೋರೈಡ್ ಇದೆ, ಅದಕ್ಕೆ ಶೇ. 33ರಷ್ಟು ಆರ್ದ್ರತೆ ಸಾಕು. ಕರಾವಳಿಯ ಗಾಳಿ ಮಟಮಟ ಮಧ್ಯಾಹ್ನವೂ ಅದಕ್ಕಿಂತ ಒಣಗಿರುವುದು ಅಪರೂಪ. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರಾಡುತ್ತದಲ್ಲ, ಅದೇ ಕೆಲಸ ನಿಮ್ಮ ಅಂಗಿಯಲ್ಲೂ ನಡೆಯುತ್ತಿರುತ್ತದೆ. ಹಗಲು ಒಣಗಿದಂತೆ ಕಂಡದ್ದು ರಾತ್ರಿ ಮತ್ತೆ ಒದ್ದೆ. ಮೂರು ದಿನ ನೇತುಹಾಕಿದರೂ ಅಷ್ಟೇ.

ಮದ್ದು ಸುಲಭ: ಕಡಲಿನಿಂದ ಬಂದ ಕೂಡಲೇ ಸಿಹಿ ನೀರಿನಲ್ಲಿ ಎರಡು ಸಲ ಅದ್ದಿ ತೆಗೆಯುವುದು. ಸೋಪು ಬೇಕಿಲ್ಲ. ಕೋಣೆಯ ಬಾಲ್ದಿ ಸಾಕು.

ಅದಾದ ಮೇಲಿನ ಕೆಲಸ ಬೈರಾಸಿನದು, ಅಂದರೆ ಕರಾವಳಿಯವರ ಮೈ ಒರಸುವ ಬಟ್ಟೆಯದು. ಹೊರಗಿನವರು ಇದನ್ನು ಟವೆಲು ಎಂದುಕೊಂಡು ಮೂಗು ಮುರಿಯುತ್ತಾರೆ, ಅಷ್ಟು ತೆಳು. ಆ ತೆಳುವೇ ಅದರ ಗುಣ. ಮನೆಯ ದಪ್ಪ ಟರ್ಕಿ ಟವೆಲು ಒಣಗಿದ್ದಾಗಲೇ ಅರ್ಧ ಕಿಲೋ ತೂಗುತ್ತದೆ, ಒದ್ದೆಯಾದರೆ ಮರುದಿನವೂ ಆರುವುದಿಲ್ಲ, ಮೂರನೆಯ ದಿನ ನಾರುತ್ತದೆ. ಬೈರಾಸು ಮಡಚಿದರೆ ಅಂಗೈಯಷ್ಟು, ಫ್ಯಾನಿನ ಕೆಳಗೆ ಹಾಕಿದರೆ ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತದೆ. ಜಾಲಿಸಿದ ಅಂಗಿಯನ್ನು ಹಿಂಡಿ, ನೆಲದ ಮೇಲೆ ಹಾಸಿದ ಒಣ ಬೈರಾಸಿನ ಮೇಲೆ ಚಪ್ಪಟೆಯಾಗಿ ಇಟ್ಟು, ಎರಡನ್ನೂ ಸೇರಿಸಿ ಚಾಪೆಯಂತೆ ಬಿಗಿಯಾಗಿ ಸುತ್ತಿ, ಮಂಡಿಯೂರಿ ಎರಡೂ ಕೈಯಿಂದ ಒತ್ತುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕು. ಬಿಡಿಸಿದಾಗ ಬೈರಾಸು ತೊಯ್ದಿರುತ್ತದೆ, ಅಂಗಿ ಬರೀ ತಣ್ಣಗಿರುತ್ತದೆ. ಕೈಯಿಂದ ಹಿಂಡಿದಾಗ ಬಾರದ ನೀರು ಹೀಗೆ ಬರುತ್ತದೆ. ರಾತ್ರಿ ಫ್ಯಾನಿಗೆ ಬಿಟ್ಟರೆ ಬೆಳಿಗ್ಗೆ ಹಾಕಿಕೊಳ್ಳಬಹುದು.

ಒಣಹಾಕುವ ದಿಕ್ಕೂ ಮುಖ್ಯ. ಮರವಂತೆಯಲ್ಲಿ ಕೋಣೆ ಹಿಡಿದವರೆಲ್ಲ ಕಡಲಿಗೆ ಮುಖ ಮಾಡಿದ ಬಾಲ್ಕನಿಯ ಕಂಬಿಯ ಮೇಲೆಯೇ ಬಟ್ಟೆ ಹರವುತ್ತಾರೆ. ಗಾಳಿ ಜೋರಿದೆ, ಬೇಗ ಒಣಗೀತು ಎಂದು. ಹೊತ್ತೇರಿದ ಮೇಲೆ ಬೀಸತೊಡಗುವ ಆ ಕಡಲಗಾಳಿ ಒಡೆದ ಅಲೆಯ ಸಣ್ಣ ತುಂತುರನ್ನೂ ಹೊತ್ತು ತರುತ್ತದೆ. ಜಾಲಿಸಿ ತೆಗೆದ ಉಪ್ಪು ಮತ್ತೆ ಬಂದು ಕೂರುತ್ತದೆ. ಹೊಳೆಯ ಕಡೆ, ಮೂಡು ಬಿಸಿಲಿಗೆ, ಗೋಡೆಯ ಮರೆಯಲ್ಲಿ ಹಾಕುವುದು ಲೇಸು.

ಬಟ್ಟೆ ಯಾವುದಿರಬೇಕು? ಜೀನ್ಸ್ ಮನೆಯಲ್ಲೇ ಇರಲಿ. ಒಂದೊಂದೂ 600-700 ಗ್ರಾಂ, ಏಳು ಕಿಲೋದಲ್ಲಿ ಎರಡು ಜೀನ್ಸಿಗೇ ಐದನೆಯ ಒಂದು ಪಾಲು ಹೋಯಿತು. ಒದ್ದೆಯಾದರೆ ಅದು ಒಣಗುವ ಹೊತ್ತಿಗೆ ನೀವು ವಾಪಸು ಬೆಂಗಳೂರಿನಲ್ಲಿರುತ್ತೀರಿ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ಎಂಬುದು ನಿಜ. ಹತ್ತಿ ಒಣಗಿದ್ದಾಗಲೂ ತನ್ನ ತೂಕದ ಶೇ. 8ರಷ್ಟು ತೇವ ಇಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. ಅರ್ಧವನ್ನೂ ಇಟ್ಟುಕೊಳ್ಳುವುದಿಲ್ಲ. ಆದರೆ ಅದೇ ಕಾರಣಕ್ಕೆ ಬೆವರನ್ನೂ ಹೀರದೆ ಮೈಗೆ ಅಂಟಿಸುತ್ತದೆ, ಒಂದೇ ದಿನದಲ್ಲಿ ವಾಸನೆ ಬರುತ್ತದೆ. ತೆಳು ಹತ್ತಿಯ ಎರಡು ಅಂಗಿ, ಒಂದು ಪಂಚೆ ಅಥವಾ ಲುಂಗಿ, ಮೊಣಕಾಲವರೆಗಿನ ಒಂದು ಚಡ್ಡಿ, ಹೆಂಗಸರಿಗೆ ಎರಡು ಕಾಟನ್ ಚೂಡಿದಾರ್ ಅಥವಾ ಒಂದು ಹಗುರ ಸೀರೆ, ನೈಟಿ. ಇದರ ಮೇಲೆ ಹೊರಟಾಗ ಮೈಮೇಲಿರುವ ಜೋಡಿ. ಹವಾಯಿ ಚಪ್ಪಲಿ ಕಾಲಲ್ಲೇ ಬರಲಿ. ಸ್ವೆಟರ್ ಬೇಕೇ ಬೇಡವೇ ಎಂಬ ತಕರಾರು ಎಲ್ಲರ ಮನೆಯಲ್ಲೂ ಇದ್ದದ್ದೇ. ಡಿಸೆಂಬರಿನಲ್ಲೂ ಕರಾವಳಿಯ ರಾತ್ರಿ ಬೆಂಗಳೂರಿನಷ್ಟು ತಣ್ಣಗಾಗುವುದಿಲ್ಲ. ಇಡೀ ಪ್ರವಾಸದಲ್ಲಿ ಅತಿ ಚಳಿಯ ಜಾಗ ಎಂದರೆ ಎ.ಸಿ. ಸ್ಲೀಪರ್ ಬಸ್ಸು. ಅದಕ್ಕೊಂದು ಶಾಲು ಸಾಕು. ದೇವಸ್ಥಾನಕ್ಕೂ ಅದೇ, ದಿಂಬು ತಗ್ಗಾದರೆ ಅದೇ.

ಈ ವಿದ್ಯೆಯೆಲ್ಲ ಈಚಿನ ಪ್ರವಾಸಿಗರು ಕಂಡುಹಿಡಿದದ್ದೇನೂ ಅಲ್ಲ. ಇದೇ ಸೀಮೆಯಲ್ಲಿ ಆರು ತಿಂಗಳು ಒಂದೇ ಚೀಲದಲ್ಲಿ ಬದುಕುವ ಕಸುಬು ತಲೆಮಾರುಗಳಿಂದ ನಡೆದು ಬಂದಿದೆ. ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಹೊತ್ತಿಗೆ ನಿಲ್ಲುತ್ತದೆ. ಮಂದಾರ್ತಿಯೊಂದರಿಂದಲೇ ಐದು ಮೇಳಗಳು ಹೊರಡುತ್ತವೆ, ಮಾರಣಕಟ್ಟೆಯವು ಬೇರೆ. ಇವತ್ತು ಈ ಊರು, ನಾಳೆ ಇನ್ನೊಂದು, ದಿನಕ್ಕೊಂದು ಹರಕೆ ಆಟ. ಮೇಳದ ಸಾಮಾನಿನಲ್ಲಿ ಎರಡು ಬಗೆ. ಕಿರೀಟ, ಕೇದಗೆ ಮುಂದಲೆಯ ಸಾಮಗ್ರಿ, ಭುಜಕೀರ್ತಿ, ಎದೆಪದಕ, ಕಸೆ ಸೀರೆ, ಚೆಂಡೆ, ಮದ್ದಳೆ ಎಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಮೇಳದ ವಾಹನಕ್ಕೆ ಹೋಗುತ್ತವೆ. ವಾಹನ ಇಲ್ಲದ ಕಾಲದಲ್ಲಿ ಅವನ್ನು ತಲೆಹೊರೆಯಲ್ಲಿ ಸಾಗಿಸುತ್ತಿದ್ದರು, ಕಲಾವಿದರು ಗದ್ದೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಕಲಾವಿದನ ಸ್ವಂತದ್ದು ಕೈಯಲ್ಲಿರುವ ಚೀಲ. ವಿಮಾನದವರ ಲೆಕ್ಕದ ಚೆಕ್-ಇನ್ ಮತ್ತು ಕ್ಯಾಬಿನ್ ಬ್ಯಾಗೇಜು ಇದೇ ಅಲ್ಲವೇ.

ಆ ಚೀಲದಲ್ಲಿ ಇರುವುದೇನು? ಒಂದು ಪಂಚೆ, ಲುಂಗಿ, ಬನಿಯನು, ಬೈರಾಸು, ಹಾಸಿ ಮಲಗಲು ಒಂದು ಬಟ್ಟೆ, ಹಲ್ಲುಜ್ಜುವ ಸಾಮಾನು, ಬಣ್ಣ ತೆಗೆಯಲು ತೆಂಗಿನೆಣ್ಣೆ. ಬೆಳಗಾಗುತ್ತ ಆಟ ಮುಗಿಯುತ್ತದೆ. ಭಾರದ ವೇಷ ಕಟ್ಟಿ ರಾತ್ರಿಯೆಲ್ಲ ಕುಣಿದವರ ಒಳಬಟ್ಟೆ ಬೆವರಿನಿಂದ ಹಿಂಡುವಂತಿರುತ್ತದೆ. ಬೆವರೂ ಉಪ್ಪುನೀರೇ. ಬಾವಿಕಟ್ಟೆಯಲ್ಲಿ ಜಾಲಿಸಿ, ಅಲ್ಲೇ ಅಂಗಳದ ಹಗ್ಗಕ್ಕೋ ಬೇಲಿಗೋ ಹಾಕಿ, ನಿದ್ದೆಗೆ ಜಾರಿದರೆ ಮಧ್ಯಾಹ್ನದ ಊಟಕ್ಕೆ ಎಬ್ಬಿಸುವಷ್ಟರಲ್ಲಿ ಎಲ್ಲ ಒಣಗಿರುತ್ತದೆ. ಸಂಜೆ ಮುಂದಿನ ಊರಿನ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಈಗ ಹತ್ತಿರದ ಆಟವಾದರೆ ಎಷ್ಟೋ ಕಲಾವಿದರು ಬೈಕಿನಲ್ಲಿ ಮನೆಗೇ ಹೋಗಿಬರುತ್ತಾರೆ, ಆ ಚೀಲ ಇನ್ನೂ ಸಣ್ಣದಾಗಿದೆ. ಆದರೂ ಮೇಳದಲ್ಲಿ ಹಳಬರಾದವರು ಚೀಲ ಕಟ್ಟುವುದನ್ನು ಒಮ್ಮೆ ನೋಡಬೇಕು. ಒಂದೊಂದಕ್ಕೂ ಮೂರು ಉಪಯೋಗ ಇಲ್ಲದ ವಸ್ತು ಒಳಗೆ ಹೋಗುವುದಿಲ್ಲ. ಪಂಚೆ ಉಡಲೂ ಆಯಿತು, ಹೊದೆಯಲೂ ಆಯಿತು, ಒಂದು ಮೂಲೆ ಗಂಟು ಹಾಕಿದರೆ ಚೀಲವೂ ಆಯಿತು.

ಎಣ್ಣೆಯ ಮಾತು ಬಂತಲ್ಲ, ಘಟ್ಟದ ಮೇಲಿನವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ತೆಂಗಿನೆಣ್ಣೆ ಗಟ್ಟಿಯಾಗುವುದೂ ಕರಗುವುದೂ ಸುಮಾರು 24-25 ಡಿಗ್ರಿಯ ಆಸುಪಾಸಿನಲ್ಲಿ. ಚಳಿಗಾಲದ ಬೆಂಗಳೂರಿನಲ್ಲಿ ಮೇಣದಂತೆ ಕೂತಿರುವ ಬಾಟಲಿಯನ್ನು ಮುಚ್ಚಳ ಅರ್ಧ ತಿರುಗಿಸಿ ಬ್ಯಾಗಿಗೆ ಹಾಕಿದರೆ ಹೊರಡುವಾಗ ಏನೂ ಆಗುವುದಿಲ್ಲ. ಘಟ್ಟ ಇಳಿದು ಹೊತ್ತೇರುತ್ತಿದ್ದಂತೆ ಎಣ್ಣೆ ನೀರಾಗುತ್ತದೆ, ಮರವಂತೆಯಲ್ಲಿ ಚೀಲ ತೆರೆದಾಗ ಎರಡು ಅಂಗಿಗೂ ಅಭ್ಯಂಜನವಾಗಿರುತ್ತದೆ. ಎಣ್ಣೆಯನ್ನು ತೆಂಗಿನ ಸೀಮೆಗೆ ಹೊತ್ತು ತರುವುದೇ ವಿಚಿತ್ರ, ಅದು ಬೇರೆ ಮಾತು. ಸೋಪು, ಪೇಸ್ಟು, ಶಾಂಪೂ ಪೊಟ್ಟಣ, ಕೊಡೆ, ಬೈರಾಸು, ಎಲ್ಲ ಕುಂದಾಪುರದ ಪೇಟೆಯಲ್ಲಿ ಸಿಗುತ್ತವೆ. ತರಲೇಬೇಕಾದದ್ದು ದಿನದ ಔಷಧಿ, ಕನ್ನಡಕ, ಗುರುತಿನ ಚೀಟಿ. ಇವು ಮೂರು ಇದ್ದು ಉಳಿದದ್ದೆಲ್ಲ ಮರೆತರೂ ಪ್ರವಾಸ ನಿಲ್ಲುವುದಿಲ್ಲ.

ಮಳೆಗಾಲದ ಲೆಕ್ಕ ಮಾತ್ರ ಬೇರೆ. ಮರವಂತೆ ಇರುವ ಉಡುಪಿ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 4000 ಮಿಲಿಮೀಟರ್ ಸುತ್ತಮುತ್ತ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಮೇಲೆ ಹೇಳಿದ ಬೈರಾಸಿನ ಉಪಾಯವೂ ಅರ್ಧ ಸೋಲುತ್ತದೆ. ಹಳ್ಳಿ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವೇ ಬಟ್ಟೆ ಒಣಗಿಸುವ ಜಾಗ. ಕಡಲಂತೂ ಮುಟ್ಟುವಂತಿಲ್ಲ. ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ, ಟಿ ಆಕಾರದ ಕಲ್ಲಿನ ತಡೆಗಳ ಮೇಲೆ ಅಲೆ ಎರಗುವುದನ್ನು ದೂರದಿಂದ ನೋಡಬೇಕು. ಅಂಥ ಕಾಲದಲ್ಲೇ, ಕರ್ಕಾಟಕ ಅಮಾವಾಸ್ಯೆಯಂದು, ಹೊಳೆ-ಕಡಲಿನ ನಡುವಿನ ಮಹಾರಾಜಸ್ವಾಮಿ ವರಾಹ ದೇವಸ್ಥಾನದ ಜಾತ್ರೆ ಬರುತ್ತದೆ. ಸ್ನಾನಕ್ಕೆಂದು ಊರೂರಿನ ಜನ, ಹೊಸದಾಗಿ ಮದುವೆಯಾದ ಜೋಡಿಗಳು ಬರುತ್ತಾರೆ. ಮಿಂದ ಮೇಲೆ ಉಡಲು ಒಂದು ಜತೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿ ತಂದರೆ ಮುಗಿಯಿತು.

ಇಷ್ಟೆಲ್ಲ ಲೆಕ್ಕ ಹಾಕಿ ಐದು ಕಿಲೋ ಚೀಲ ಹೊತ್ತು ಬಂದವರ ಶಿಸ್ತು ಕೆಡುವುದು ವಾಪಸು ಹೊರಡುವ ದಿನ. ನೆಂಟರ ಮನೆ ಇದ್ದರಂತೂ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಹೊಳೆಯಾಚೆಯ ನಮ್ಮ ದೊಡ್ಡಮ್ಮ ನನ್ನ ಚೀಲವನ್ನು ಕೈಯಲ್ಲಿ ಎತ್ತಿ ನೋಡಿ ಬೇಸರದಿಂದಲೇ ಕೇಳಿದ್ದರು:

"ಎಂತದಾ ಇದ್? ಇದ್ರೊಳ್ಗೆ ಕಾಯಿ ಎಲ್ಲಿ ಹಾಕ್ತೆ?"

"ಬೇಡ ದೊಡ್ಡಮ್ಮ, ವಿಮಾನದಲ್ಲಿ ಏಳೇ ಕಿಲೋ ಬಿಡುವುದು."

"ನಾಲ್ಕ್ ಕಾಯಿ ಅಷ್ಟೇ ಅಲ್ದಾ. ಎಂತ ಭಾರ ಆತಿಲ್ಲೆ."

ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕಿಲೋ ಹಿಡಿದರೂ ನಾಲ್ಕಕ್ಕೆ ಎರಡು ಕಿಲೋ. ಅದರ ಮೇಲೆ ಹಲಸಿನ ಹಪ್ಪಳದ ಕಟ್ಟು, ಮಿಡಿ ಉಪ್ಪಿನಕಾಯಿಯ ಬಾಟಲಿ, ಕೋಳಿ ಸಾರಿಗೆ ಹುರಿದು ಕುಟ್ಟಿದ ಮಸಾಲೆ ಪುಡಿ, ಕೋರಿ ರೊಟ್ಟಿಯ ಪ್ಯಾಕು. ಮೀನು ತಿನ್ನುವ ಮನೆಯಾದರೆ ಕಾಗದದಲ್ಲಿ ಮೂರು ಸುತ್ತು ಸುತ್ತಿದ ಒಣಮೀನು. ಎಷ್ಟು ಸುತ್ತಿದರೂ ಪಕ್ಕದ ಸೀಟಿನವರಿಗೆ ಗೊತ್ತಾಗುವಂಥದ್ದು. ವಿಮಾನದ ತಪಾಸಣೆಯಲ್ಲಿ ಇವುಗಳಲ್ಲಿ ಎಷ್ಟೋ ನಪಾಸು. ಕೈಚೀಲದಲ್ಲಿ ಮೆಣಸಿನ ಪುಡಿ ಬಿಡುವುದಿಲ್ಲ. ಕೊಬ್ಬರಿಯನ್ನಂತೂ ತಾನಾಗಿ ಬೆಂಕಿ ಹತ್ತಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ: ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ರಾಶಿ ಬಿದ್ದಾಗ ಒಳಗೊಳಗೇ ಕಾವೇರುತ್ತದೆ. ಇಡೀ ಕಾಯಿಗೂ ಕೈಚೀಲದಲ್ಲಿ ಅನುಮತಿ ಇಲ್ಲ. ಶಬರಿಮಲೆ ಯಾತ್ರಿಗಳ ಇರುಮುಡಿಯಲ್ಲಿ ತುಪ್ಪ ತುಂಬಿದ ಕಾಯಿ ಇರಲೇಬೇಕಾದ್ದರಿಂದ, 2024ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ ಅವರಿಗಷ್ಟೇ ಯಾತ್ರೆಯ ಕಾಲಕ್ಕೆ, 2025ರ ಜನವರಿ 20ರವರೆಗೆ, ವಿನಾಯಿತಿ ಕೊಟ್ಟಿತ್ತು. ಇರುಮುಡಿ ಕಟ್ಟುವವರು ಮುಂದಿನ ಗಂಟಿನಲ್ಲಿ ದೇವರದ್ದು, ಹಿಂದಿನದ್ದರಲ್ಲಿ ತಮ್ಮದು ಎಂದು ಭಾಗ ಮಾಡುತ್ತಾರೆ. ದೊಡ್ಡಮ್ಮನ ಕಾಯಿಗೆ ಅಂಥ ರಿಯಾಯಿತಿ ಯಾರೂ ಕೊಡುವುದಿಲ್ಲ.

ಕರಾವಳಿಯವರು ಇದಕ್ಕೂ ದಾರಿ ಮಾಡಿಕೊಂಡಿದ್ದಾರೆ: ಬಸ್ಸಿಗೆ ಹಾಕುವುದು. ಕುಂದಾಪುರದಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸುಗಳ ಹೊಟ್ಟೆಯಲ್ಲಿ ಪ್ರಯಾಣಿಕರ ಸಾಮಾನಿನ ಜತೆ ಊರ ಮನೆಗಳಿಂದ ಮಕ್ಕಳಿಗೆ ಹೊರಟ ಗೋಣಿಗಳೂ ರಟ್ಟಿನ ಪೆಟ್ಟಿಗೆಗಳೂ ಇರುತ್ತವೆ. ಕೆಎಸ್‌ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೋ' ಎಂದು ಇದನ್ನು ವ್ಯವಸ್ಥಿತವಾಗಿ ಶುರು ಮಾಡಿತು. ಖಾಸಗಿ ಬಸ್ಸಿನವರು ಮೊದಲಿನಿಂದಲೂ ಮಾಡಿಕೊಂಡು ಬಂದದ್ದೇ. ಗೋಣಿಯ ಬಾಯಿ ದಬ್ಬಣದಲ್ಲಿ ಹೊಲಿದು, ಹೆಸರು ಮತ್ತು ಮೊಬೈಲ್ ನಂಬರನ್ನು ದಪ್ಪ ಪೆನ್ನಿನಲ್ಲಿ ಎರಡೂ ಬದಿ ಬರೆದು, ಸಂಜೆಯೊಳಗೆ ಬುಕಿಂಗ್ ಆಫೀಸಿಗೆ ಮುಟ್ಟಿಸಬೇಕು. ಉಪ್ಪಿನಕಾಯಿ ಬಾಟಲಿಯನ್ನು ಕಾಯಿಗಳ ನಡುವೆ ಇಡಬಾರದು, ಹಪ್ಪಳದ ಕಟ್ಟು ಮೇಲ್ಗಡೆ ಬರಬೇಕು. ರಸೀದಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಹೋಗಿ ಬಿಡಿಸಿಕೊಳ್ಳುವಾಗ ಅದನ್ನು ಕೇಳುತ್ತಾರೆ; ತಡ ಮಾಡಿದರೆ ಒಣಮೀನಿನ ಗೋಣಿಯ ವಿಷಯಕ್ಕೆ ಅವರೇ ಫೋನು ಮಾಡುತ್ತಾರೆ.